ಸಂಜಯನಗರದ ಅರವತ್ತು, ಹಕ್ಕಾಗಳ ಅರವತ್ತೊಂದು

ನಿನ್ನೆ ರಾತ್ರಿ ಹುಟ್ಟಿದ ಕೂಸಿಗೆ ಇವತ್ತು ಬೆಳಗಾಗುವಷ್ಟರಲ್ಲಿ ಎರಡು ವರ್ಷ! ತಮಾಷೆಯಲ್ಲ, ಲೆಕ್ಕ ಪಕ್ಕಾ. ದಕ್ಷಿಣ ಚೀನಾದ ಹಕ್ಕಾ ಜನರ ಹಳೆಯ ರೂಢಿಯಲ್ಲಿ ಮಗು ಕಣ್ಣು ಬಿಟ್ಟಾಗಲೇ ಅದಕ್ಕೆ ಒಂದು. ಆಮೇಲೆ ಚಾಂದ್ರಮಾನದ ಹೊಸವರ್ಷ ಬಂದಾಗಲೆಲ್ಲ ಮನೆಮಂದಿಗೆಲ್ಲ ಒಟ್ಟಿಗೇ ಇನ್ನೊಂದು ಏರುತ್ತದೆ. ವರ್ಷದ ಕೊನೆಯ ರಾತ್ರಿ ಹುಟ್ಟಿದವರಿಗೆ ಮರುದಿನವೇ ಎರಡು! ಕೋಲ್ಕತ್ತದ ಟಾಂಗ್ರಾದಲ್ಲಿ ಚರ್ಮ ಹದಮಾಡಿ ಬದುಕು ಕಟ್ಟಿಕೊಂಡ ಚೀನೀಯರಲ್ಲಿ ಹೆಚ್ಚಿನವರು ಈ ಹಕ್ಕಾಗಳೇ.

ವಿಚಿತ್ರ ಎನ್ನಬೇಡಿ. ಬೆಂಗಳೂರಿನ ಸಂಜಯನಗರದ ಯಾವುದಾದರೂ ಉಪನಯನದ ಮನೆಯಲ್ಲಿ ವಟುವಿನ ವಯಸ್ಸು ವಿಚಾರಿಸಿ. ಗರ್ಭಾಷ್ಟಮ ಎನ್ನುತ್ತಾರೆ. ಅಂದರೆ ಎಂಟನೆಯ ವರ್ಷ, ಎಣಿಕೆ ಶುರುವಾಗುವುದು ತಾಯಿಯ ಗರ್ಭದಿಂದ! ಶಾಲೆಯ ದಾಖಲೆಯಲ್ಲಿ ಆರೂವರೆಯ ಹುಡುಗ ಪುರೋಹಿತರ ಲೆಕ್ಕದಲ್ಲಿ ಆಗಲೇ ಎಂಟಕ್ಕೆ ಬಿದ್ದಿದ್ದಾನೆ.

ಅವನ ಅಜ್ಜನದು ಹುಣ್ಣಿಮೆಗಳ ಲೆಕ್ಕ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ, ಸಾವಿರ ಹುಣ್ಣಿಮೆಗೆ 80 ವರ್ಷ, 10 ತಿಂಗಳು. ಮನೆಯಲ್ಲಿ ಸಹಸ್ರ ಚಂದ್ರ ದರ್ಶನದ ಸಡಗರ!

ಇನ್ನು ಬೆರಗಿನ ತುತ್ತತುದಿ. ಪಂಚಾಂಗ ತೆರೆಯಿರಿ. 2026ರ ಯುಗಾದಿಗೆ ಕಾಲಿಟ್ಟದ್ದು ಪರಾಭವ ಸಂವತ್ಸರ. ಅದು ಹಿಂದೆ ಬಂದಿದ್ದು 1966ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಹುಟ್ಟಿದವರಿಗೆ ಈಗ ಷಷ್ಟಿಪೂರ್ತಿ. ಅತ್ತ ಚೀನೀ ಪಂಚಾಂಗದಲ್ಲಿ 1966 ಬೆಂಕಿಕುದುರೆಯ ವರ್ಷ; ಆ ಕುದುರೆ ಮತ್ತೆ ಬಂದದ್ದೂ 2026ರಲ್ಲೇ! ಆದರೆ ಅದೇ ಮೇ ತಿಂಗಳಲ್ಲಿ ಹುಟ್ಟಿದ ಹಕ್ಕಾ ಹಿರಿಯರಿಗೆ ಅವರ ಎಣಿಕೆಯಲ್ಲಿ 61. ಎಲ್ಲಿಂದ ಬಂತು ಹೆಚ್ಚಿನ ಒಂದು? ನಮ್ಮವರಿಗೆ ತುಂಬಿದ್ದು 60, ನಡೆಯುತ್ತಿರುವುದು 61. ಅವರು ನಡೆಯುವುದನ್ನು ಹೇಳುತ್ತಾರೆ, ನಾವು ತುಂಬಿದ್ದನ್ನು. ಅಷ್ಟೇ!

ಇಬ್ಬರ ಚಕ್ರಕ್ಕೂ ಅರವತ್ತೇ ಏಕೆ? ಅವರಲ್ಲಿ ಹತ್ತು ಚಿಹ್ನೆಗಳ ಸಾಲೊಂದು, ಹನ್ನೆರಡರ ಸಾಲೊಂದು ಜೊತೆಜೊತೆಗೆ ಸಾಗುತ್ತವೆ. ಮೊದಲಿನ ಜೋಡಿ ಮತ್ತೆ ಕೂಡಲು ಅರವತ್ತು ವರ್ಷ ಬೇಕು. ನಮ್ಮಲ್ಲಿ ಲೆಕ್ಕ ಹಿಡಿದವನು ಗುರು: ಆಕಾಶದಲ್ಲಿ ಒಂದು ಸುತ್ತಿಗೆ ಸುಮಾರು 12 ವರ್ಷ, ಐದು ಸುತ್ತಿಗೆ ಹತ್ತಿರ ಹತ್ತಿರ 60. ಅಷ್ಟರಲ್ಲಿ ಶನಿಯದೂ ಎರಡು ಸುತ್ತು ಮುಗಿದಿರುತ್ತದೆ!

ತುಂಬಿದ್ದು, ನಡೆಯುತ್ತಿರುವುದು ಎಂಬ ಈ ಎರಡು ಬಗೆಯ ಎಣಿಕೆ ನಮ್ಮ ನೆಲಕ್ಕೆ ಹೊಸದೇ? ಬಾದಾಮಿಯ ಮೂರನೆಯ ಗುಹೆಗೆ ಹೋಗಿ. 578ರಲ್ಲಿ ಚಾಲುಕ್ಯರ ಮಂಗಲೇಶ ಬರೆಸಿದ ಶಾಸನದಲ್ಲಿ ಶಕ ವರ್ಷ 500 ಕಳೆದಿವೆ. ಅದೇ ಶಾಸನದಲ್ಲಿ ಅಣ್ಣ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ ನಡೆಯುತ್ತಿದೆ. ಕಳೆದದ್ದು, ನಡೆಯುತ್ತಿರುವುದು ಎರಡೂ ಒಂದೇ ಬಂಡೆಯ ಮೇಲೆ!

ಹುಟ್ಟಿದಾಗಲೇ ಒಂದು ಎಣಿಸುವ ರೂಢಿಯಿದ್ದ ದಕ್ಷಿಣ ಕೊರಿಯಾ 2023ರ ಜೂನ್‌ನಲ್ಲಿ ಕಾನೂನು ಜಾರಿಗೆ ತಂದು ಹೆಚ್ಚಿನ ಸರ್ಕಾರಿ ವ್ಯವಹಾರಕ್ಕೆ ತುಂಬಿದ ವಯಸ್ಸೊಂದೇ ಎಂದಿತು. ನಮ್ಮಲ್ಲಿ ಆಧಾರ್ ಕಾರ್ಡಿಗೊಂದು, ಜಾತಕಕ್ಕೊಂದು ಲೆಕ್ಕ ತಕರಾರಿಲ್ಲದೆ ನಡೆದಿದೆ. ಮನೆಯ ಹಿರಿಯರನ್ನು ಕೇಳಿ ನೋಡಿ: ನಿಮಗೆ ಎಷ್ಟು ತುಂಬಿತು, ಈಗ ಎಷ್ಟು ನಡೀತಿದೆ? ಎರಡಕ್ಕೂ ಥಟ್ಟನೆ ಉತ್ತರ ಬರುತ್ತದೆ!