ಸೇನಾನಿ ಮೊದಲೋ, ಸೇನೆ ಮೊದಲೋ?

ಪ್ರತಿವರ್ಷವೂ ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವಿಲಕ್ಷಣವಾದ ಒಂದು ಸ್ವಯಂವರವು ನಡೆಯುತ್ತದೆ. ಆ ದೇಶದ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಸಂಸ್ಥೆಗೆ ಸೇರಿದ 32 ತಂಡಗಳು, ಕಾಲೇಜುಗಳಲ್ಲಿ ಆಡಿ ಹೆಸರುಗೊಂಡ ತರುಣರನ್ನು ಸರದಿಯ ಪ್ರಕಾರ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವುವು. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ದಮಯಂತಿಯ ಸ್ವಯಂವರದಲ್ಲಿ ಆರಿಸುವ ಅಧಿಕಾರವು ಕನ್ಯೆಯದಾಗಿತ್ತು. ಇಲ್ಲಿಯಾದರೋ ಹಾರವನ್ನು ಹಿಡಿದು ನಿಂತವರು ತಂಡಗಳ ಯಜಮಾನರು, ಕೊರಳೊಡ್ಡತಕ್ಕವನು ಇಪ್ಪತ್ತೊಂದು ಇಪ್ಪತ್ತೆರಡು ವರ್ಷದ ಹುಡುಗನು. ಬೇಡವೆನ್ನುವ ಸ್ವಾತಂತ್ರ್ಯವು ಅವನಿಗೆ ಬಹಳ ಕಡಮೆ.

ಮಕ್ಕಳು ಮೊಮ್ಮಕ್ಕಳು ಅಮೆರಿಕಾದಲ್ಲಿ ನೆಲಸಿರುವ ಕನ್ನಡದ ಮನೆಗಳು ಈಗ ವಿರಳವಲ್ಲ. ಅಲ್ಲಿಗೆ ಹೋಗಿ ಬಂದ ಹಿರಿಯರು ಈ ಆಯ್ಕೆಯ ಗಲಭೆಯನ್ನು ಕಂಡು ಬೆರಗಾಗಿರುವುದೂ ಉಂಟು. ಮೊಮ್ಮಗನು ಊಟವನ್ನು ಮರೆತು, "ನಮ್ಮ ತಂಡದವರು ಈ ಸಲ ಮೊದಲ ಸುತ್ತಿನಲ್ಲಿಯೆ ಕ್ವಾರ್ಟರ್‌ಬ್ಯಾಕನ್ನು ತೆಗೆದುಕೊಳ್ಳಬೇಕೋ ಬೇಡವೋ" ಎಂದು ವಾದಿಸುವಾಗ ಆ ವಾದದ ಹುರುಳೇನೆಂಬುದನ್ನು ತಿಳಿದಿರುವುದು ಒಳ್ಳೆಯದು. ಈ ಪ್ರಶ್ನೆಯು ಮೇಲುನೋಟಕ್ಕೆ ಆಟದ್ದಾಗಿ ಕಂಡರೂ, ಒಳಹೊಕ್ಕು ನೋಡಿದರೆ ಮನುಷ್ಯರನ್ನು ಬೆಳೆಸುವ ವಿಷಯಕ್ಕೆ ಸೇರಿದುದಾಗಿದೆ. ಆದಕಾರಣ ನಾವು ಇದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುವೆವು.

ಆಟದ ಪರಿಚಯ

ಫುಟ್‌ಬಾಲ್ ಎಂದ ಕೂಡಲೆ ನಮ್ಮ ವಾಚಕರ ಕಣ್ಣಿಗೆ ಕಾಲಿನಿಂದ ಒದೆಯುವ ದುಂಡು ಚೆಂಡು ಕಟ್ಟುವುದು. ಅಮೆರಿಕಾದವರ ಫುಟ್‌ಬಾಲ್ ಅದಲ್ಲ. ಅವರ ಚೆಂಡು ಎರಡು ತುದಿಗಳಲ್ಲಿಯೂ ಚೂಪಾದ ಉದ್ದನೆಯ ಚೆಂಡು. ಅದನ್ನು ಬಹುಮಟ್ಟಿಗೆ ಕೈಯಿಂದಲೆ ಎಸೆದು, ಹಿಡಿದು, ಎದೆಗವಚಿ ಓಡುವರು. 100 ಗಜದ ಬಯಲಿನಲ್ಲಿ ಪಕ್ಷಕ್ಕೆ 11 ಜನರಂತೆ ನಿಲ್ಲುವರು. ಚೆಂಡು ಯಾರ ವಶದಲ್ಲಿದೆಯೋ ಆ ಪಕ್ಷದವರು ನಾಲ್ಕು ಪ್ರಯತ್ನಗಳೊಳಗೆ 10 ಗಜ ಮುಂದುವರಿಯಬೇಕು. ಮುಂದುವರಿದರೆ ಮತ್ತೆ ನಾಲ್ಕು ಪ್ರಯತ್ನಗಳು ದೊರೆಯುವುವು, ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲಾಗುವುದು.

ಕ್ವಾರ್ಟರ್‌ಬ್ಯಾಕ್ ಎಂಬಾತನು ಈ ಹನ್ನೊಂದು ಜನರ ಸೇನಾನಿ. ಪ್ರತಿಯೊಂದು ಪ್ರಯತ್ನದಲ್ಲಿಯೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಅವನ ಕೈಗೆ. ಎರಡು ಮೂರು ಕ್ಷಣಗಳೊಳಗೆ ಎದುರಾಳಿಗಳ ವ್ಯೂಹವನ್ನು ಓದಿ, ಚೆಂಡನ್ನು ಯಾರಿಗೆ ಎಸೆಯಬೇಕು, ಎಸೆಯದೆ ಓಡುವವನ ಕೈಗೆ ಕೊಡಬೇಕೋ ಎಂಬುದನ್ನು ಅವನು ನಿಶ್ಚಯಿಸಬೇಕು. ಅಷ್ಟರೊಳಗೆ ಅವನನ್ನು ನೆಲಕ್ಕೆ ಕೆಡಹಲು ಮಲ್ಲರಂಥ ಆಳುಗಳು ನುಗ್ಗಿ ಬರುತ್ತಿರುವರು. ಅವರನ್ನು ತಡೆದು ನಿಲ್ಲಿಸುವ ಐವರು ಭಾರಿ ಆಳುಗಳ ಸಾಲೊಂದು ಅವನ ಮುಂದಿರುವುದು. ಸಾಂಖ್ಯರು ಹೇಳುವ ಪಂಗ್ವಂಧ ನ್ಯಾಯವು ಇಲ್ಲಿ ಚೆನ್ನಾಗಿ ಒಪ್ಪುವುದು: ಕಣ್ಣುಳ್ಳ ಕುಂಟನು ಕಾಲುಳ್ಳ ಕುರುಡನ ಹೆಗಲೇರಿ ದಾರಿಯನ್ನು ತೋರುವಂತೆ, ಕ್ವಾರ್ಟರ್‌ಬ್ಯಾಕನು ಕಣ್ಣು, ಅವನ ಮುಂದಿನ ಸಾಲು ಕಾಲು. ಒಂದನ್ನು ಬಿಟ್ಟು ಇನ್ನೊಂದು ನಡೆಯಲಾರದು.

ಸರದಿಯ ಕ್ರಮ

ಡ್ರಾಫ್ಟ್ ಪದ್ಧತಿಯು ಮೊದಲು ನಡೆದುದು 1936ರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ. ಹಣವುಳ್ಳ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುತ್ತಿದ್ದುದನ್ನು ಕಂಡು, ಅಲ್ಲಿಯ ಈಗಲ್ಸ್ ತಂಡದ ಬರ್ಟ್ ಬೆಲ್ ಎಂಬವರು ಇದನ್ನು ಸೂಚಿಸಿದರು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚಾಗಿ ಸೋತ ತಂಡಕ್ಕೆ ಮೊದಲ ಆಯ್ಕೆ. ಚಾಂಪಿಯನ್ ತಂಡಕ್ಕೆ ಸುತ್ತಿನ ಕೊನೆಯ ಆಯ್ಕೆ. ಬಡವನಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿದಂತೆ ಈ ಏರ್ಪಾಡು. 1994ರಿಂದ ಏಳು ಸುತ್ತುಗಳು ನಡೆಯುತ್ತಿವೆ. ತನ್ನ ಸರದಿಯನ್ನು ಇನ್ನೊಂದು ತಂಡಕ್ಕೆ ಮಾರಿ, ಪ್ರತಿಯಾಗಿ ಅದರ ಸರದಿಗಳನ್ನೋ ಆಟಗಾರರನ್ನೋ ಪಡೆಯಲು ಅವಕಾಶವುಂಟು.

ಪೂರ್ವಪಕ್ಷ

ಈಗ ಪ್ರಶ್ನೆಗೆ ಬರುವೆವು. ಬಹಳವಾಗಿ ಸೋತು ಮೊದಲ ಸರದಿಗಳಲ್ಲೊಂದನ್ನು ಪಡೆದ ತಂಡವು ಅದನ್ನು ಕ್ವಾರ್ಟರ್‌ಬ್ಯಾಕಿಗಾಗಿ ವೆಚ್ಚಮಾಡಬೇಕೆ? ಮಾಡಲೇಬೇಕೆಂಬುವರು ಹೇಳುವ ಕಾರಣಗಳಿವು.

ಮೊದಲನೆಯದು, ಸೇನಾನಿಯಿಲ್ಲದ ಸೇನೆಯು ಗೆಲ್ಲಲಾರದು. 1998ರಲ್ಲಿ ಇಂಡಿಯಾನಪೊಲಿಸಿನ ಕೋಲ್ಟ್ಸ್ ತಂಡದವರು ಮೊದಲ ಆಯ್ಕೆಯಲ್ಲಿ ಪೇಟನ್ ಮ್ಯಾನಿಂಗ್ ಎಂಬಾತನನ್ನು ತೆಗೆದುಕೊಂಡರು. ಆ ವರ್ಷ ಅವರು 16 ಪಂದ್ಯಗಳಲ್ಲಿ ಮೂರನ್ನು ಮಾತ್ರ ಗೆದ್ದರು. ಮರುವರ್ಷ 13ನ್ನು ಗೆದ್ದರು. ಮ್ಯಾನಿಂಗನು ಮುಂದೆ ಐದು ಸಲ ಲೀಗಿನ ಶ್ರೇಷ್ಠ ಆಟಗಾರನೆನಿಸಿದನು.

ಎರಡನೆಯದು, ಹಣದ ಲೆಕ್ಕ. 2010ರಲ್ಲಿ ಮೊದಲು ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡನಿಗೆ ಆರು ವರ್ಷಗಳಿಗೆ 7 ಕೋಟಿ 80 ಲಕ್ಷ ಡಾಲರುಗಳ ಕರಾರಾಯಿತು. 2011ರಲ್ಲಿ ಹೊಸಬರ ವೇತನಕ್ಕೆ ಮಿತಿಯನ್ನು ಗೊತ್ತುಮಾಡಿದ ಮೇಲೆ, ಆ ವರ್ಷ ಮೊದಲು ಆಯ್ಕೆಯಾದ ಕ್ಯಾಮ್ ನ್ಯೂಟನನಿಗೆ ನಾಲ್ಕು ವರ್ಷಗಳಿಗೆ ದೊರೆತುದು ಸುಮಾರು 2 ಕೋಟಿ 20 ಲಕ್ಷ. ನುರಿತ ಕ್ವಾರ್ಟರ್‌ಬ್ಯಾಕನಿಗೆ ತೆರಬೇಕಾದುದನ್ನು ನೋಡಿದರೆ ಇದು ಅಲ್ಪವೆ. ಉಳಿದ ಹಣದಿಂದ ಬೇರೆ ಆಟಗಾರರನ್ನು ಕೂಡಿಸಬಹುದು.

ಮೂರನೆಯದು, ಅವಕಾಶದ ದುರ್ಲಭತೆ. ಒಳ್ಳೆಯ ಕ್ವಾರ್ಟರ್‌ಬ್ಯಾಕನನ್ನು ಪಡೆದ ತಂಡವು ಅವನನ್ನು ಸುಲಭವಾಗಿ ಬಿಟ್ಟುಕೊಡದು. ಬಾಗಿಲಿಗೆ ಬಂದ ಭಾಗ್ಯವನ್ನು ನೂಕಿದರೆ ಮತ್ತೆ ಎಂದು ಬರುವುದೋ ಹೇಳಲಾಗದು.

ಉತ್ತರಪಕ್ಷ

ಈ ವಾದವು ಬಲವಾದುದೇ ಸರಿ. ಆದರೆ ಎದುರುವಾದವೂ ದುರ್ಬಲವಲ್ಲ. ಅದೇ 1998ರಲ್ಲಿ, ಮ್ಯಾನಿಂಗನ ಬೆನ್ನಿಗೇ ಎರಡನೆಯವನಾಗಿ ಸಾನ್ ಡಿಯೆಗೋ ತಂಡಕ್ಕೆ ಆಯ್ಕೆಯಾದವನು ರಯನ್ ಲೀಫ್. ಇವರಿಬ್ಬರಲ್ಲಿ ಯಾರು ಮೇಲೆಂದು ಅಂದು ದೊಡ್ಡ ಚರ್ಚೆಯೇ ನಡೆದಿತ್ತು. ಲೀಫನು ತನ್ನ ಆಟದ ಬಾಳಿನಲ್ಲೆಲ್ಲ ಮೊದಲಿನಿಂದ ಆಡಿ ಗೆದ್ದ ಪಂದ್ಯಗಳು ನಾಲ್ಕೇ. 2017ರಲ್ಲಿ ಚಿಕಾಗೋ ತಂಡವು ಮೂರನೆಯ ಸರದಿಯಿಂದ ಎರಡನೆಯದಕ್ಕೆ ಏರುವುದಕ್ಕಾಗಿ ಬೇರೆ ಸರದಿಗಳನ್ನು ತೆತ್ತು ಮಿಚೆಲ್ ಟ್ರುಬಿಸ್ಕಿಯನ್ನು ವರಿಸಿತು. ಹತ್ತನೆಯ ಸರದಿಯಲ್ಲಿ ಕ್ಯಾನ್ಸಸ್ ಸಿಟಿಗೆ ದೊರೆತ ಪ್ಯಾಟ್ರಿಕ್ ಮಹೋಮ್ಸನು 2020, 2023, 2024ರ ಫೆಬ್ರವರಿಗಳಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು ಗೆದ್ದುಕೊಟ್ಟನು. ಇನ್ನು ಟಾಮ್ ಬ್ರೇಡಿಯ ಕಥೆಯನ್ನು ಹೇಳತಕ್ಕದ್ದೇನು! 2000ದಲ್ಲಿ ಆರನೆಯ ಸುತ್ತಿನಲ್ಲಿ, 198 ಜನರ ಆಯ್ಕೆಯಾದ ಮೇಲೆ, ಅವನ ಹೆಸರು ಬಂದಿತು. ಅವನಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕರು ಆಯ್ಕೆಯಾಗಿದ್ದರು. ಅವನು ಗೆದ್ದ ಸೂಪರ್ ಬೌಲ್‌ಗಳು ಏಳು. ವಿನೋದವೇನೆಂದರೆ, 2001ರಲ್ಲಿ ಗಾಯಗೊಂಡು ಬ್ರೇಡಿಗೆ ಸ್ಥಳವನ್ನು ತೆರವುಮಾಡಿದ ಡ್ರೂ ಬ್ಲೆಡ್‌ಸೋ 1993ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾಗಿದ್ದವನು.

ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವುದು ಸ್ಥಾಲೀಪುಲಾಕ ನ್ಯಾಯ. ಆದರೆ ಈ ನ್ಯಾಯವು ಒಂದೇ ಪಾತ್ರೆಯ ಅನ್ನಕ್ಕೆ ಸಲ್ಲತಕ್ಕುದು. ಕಾಲೇಜಿನ ಆಟವು ಒಂದು ಪಾತ್ರೆ, ಲೀಗಿನ ಆಟವು ಇನ್ನೊಂದು. ಅಲ್ಲಿ ಬೆಂದ ಅಗುಳನ್ನು ನೋಡಿ ಇಲ್ಲಿಯ ಅನ್ನವನ್ನು ನಿರ್ಣಯಿಸಲು ಬಾರದು. ಕೇಡ್ ಮ್ಯಾಸೀ ಮತ್ತು ರಿಚರ್ಡ್ ಥೇಲರ್ ಎಂಬ ವಿದ್ವಾಂಸರು ಈ ಡ್ರಾಫ್ಟನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಅವರಲ್ಲಿ ಥೇಲರರು 2017ರಲ್ಲಿ ಅರ್ಥಶಾಸ್ತ್ರಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದವರು. ಒಂದೇ ಸ್ಥಾನಕ್ಕೆ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಹಿಂದೆಯೇ ಆಯ್ಕೆಯಾದವನಿಗಿಂತ ಮೇಲೆನಿಸುವುದು ನೂರಕ್ಕೆ ಸುಮಾರು 52 ಸಲ ಮಾತ್ರವೆಂದು ಅವರು ಕಂಡರು. ನಾಣ್ಯವನ್ನು ಚಿಮ್ಮುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಮೊದಲ ಸರದಿಗಳಿಗೆ ತಂಡಗಳು ಅತಿಯಾದ ಬೆಲೆಯನ್ನು ತೆರುತ್ತವೆಂಬುದು ಅವರ ಸಿದ್ಧಾಂತ.

ಅಡವಿಟ್ಟ ಮನೆ

ಇವೆಲ್ಲಕ್ಕಿಂತ ಹೆಚ್ಚಿನ ಕೇಡೆಂದರೆ, ಇಲ್ಲದ ಸರದಿಯನ್ನು ಕೊಳ್ಳುವುದಕ್ಕಾಗಿ ಮುಂದಿನ ವರ್ಷಗಳನ್ನು ಅಡವಿಡುವುದು. 2021ರಲ್ಲಿ ಸಾನ್ ಫ್ರಾನ್ಸಿಸ್ಕೋ ತಂಡವು ಮೂರನೆಯ ಸರದಿಗಾಗಿ ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ ಮೇಲೊಂದು ಮೂರನೆಯ ಸುತ್ತಿನ ಸರದಿಯನ್ನೂ ಕೊಟ್ಟು ಟ್ರೇ ಲ್ಯಾನ್ಸನನ್ನು ತಂದಿತು. ಆ ತರುಣನು ಅಲ್ಲಿ ಮೊದಲಿನಿಂದ ಆಡಿದ ಪಂದ್ಯಗಳು ನಾಲ್ಕು. ಕಣಕಾಲು ಮುರಿದು ಕುಳಿತನು. 2023ರ ಆಗಸ್ಟಿನಲ್ಲಿ ಅವನನ್ನು ನಾಲ್ಕನೆಯ ಸುತ್ತಿನ ಒಂದು ಸರದಿಗೆ ಪರಭಾರೆ ಮಾಡಿದರು. ದೈವದ ವಿಲಾಸವೆಂಬಂತೆ, 2022ರಲ್ಲಿ ಎಲ್ಲರಿಗಿಂತ ಕೊನೆಯವನಾಗಿ, 262ನೆಯ ಸರದಿಯಲ್ಲಿ ಅದೇ ತಂಡಕ್ಕೆ ಬಂದ ಬ್ರಾಕ್ ಪರ್ಡಿಯು 2024ರ ಫೆಬ್ರವರಿಯಲ್ಲಿ ಅವರನ್ನು ಸೂಪರ್ ಬೌಲಿನವರೆಗೆ ಕರೆದೊಯ್ದನು. ಎಲ್ಲ ತಂಡಗಳಿಗೂ ಇಂಥ ಪರ್ಡಿಯು ದೊರೆಯುವನೆಂದು ನಂಬುವುದು ಕಾಕತಾಳೀಯವನ್ನೇ ನಿಯಮವೆಂದು ಭ್ರಮಿಸಿದಂತೆ.

2023ರಲ್ಲಿ ಕ್ಯಾರೊಲಿನಾ ತಂಡದವರು ಚಿಕಾಗೋದವರಿಂದ ಮೊದಲ ಸರದಿಯನ್ನು ಕೊಂಡು ಬ್ರೈಸ್ ಯಂಗ್ ಎಂಬಾತನನ್ನು ಆರಿಸಿದರು. ಅದಕ್ಕಾಗಿ ಕೊಟ್ಟುದರಲ್ಲಿ ಡಿ. ಜೆ. ಮೂರ್ ಎಂಬ ಉತ್ತಮ ಆಟಗಾರನೂ 2024ರ ಮೊದಲ ಸುತ್ತಿನ ಸರದಿಯೂ ಸೇರಿದ್ದುವು. ಎಸೆದ ಚೆಂಡನ್ನು ಹಿಡಿಯುವವನನ್ನೇ ಮಾರಿ ಎಸೆಯುವವನನ್ನು ತಂದರೆ ಫಲವೇನು? ಆ ವರ್ಷ ತಂಡವು 17 ಪಂದ್ಯಗಳಲ್ಲಿ ಎರಡನ್ನು ಗೆದ್ದಿತು. ಯಂಗನು 62 ಸಲ ನೆಲಕ್ಕುರುಳಿದನು. ಎಲ್ಲರಿಗಿಂತ ಹೆಚ್ಚು ಸೋತುದರ ಪರಿಹಾರವಾಗಿ ಬರಬೇಕಾಗಿದ್ದ ಮೊದಲ ಸರದಿಯೂ ಚಿಕಾಗೋದವರಿಗೆ ಹೋಯಿತು.

ನೆಲಕ್ಕುರುಳುವ ತರುಣರು

ಲೆಕ್ಕಗಳ ನಡುವೆ ನಾವು ಮರೆಯಬಾರದ ವಿಷಯವೊಂದುಂಟು. ತಂಡಕ್ಕೆ ಹೋಗುವುದು ಹಣ ಮತ್ತು ಕಾಲ. ಆಟಗಾರನಿಗೆ ಹೋಗುವುದು ಮೈ ಮತ್ತು ಮನಸ್ಸು. 2002ರಲ್ಲಿ ಹೊಸದಾಗಿ ಕಟ್ಟಿದ ಹ್ಯೂಸ್ಟನ್ ತಂಡವು ತನ್ನ ಮೊತ್ತಮೊದಲ ಆಯ್ಕೆಯಲ್ಲಿ ಡೇವಿಡ್ ಕಾರ್ ಎಂಬ ಕ್ವಾರ್ಟರ್‌ಬ್ಯಾಕನನ್ನು ತಂದಿತು. ಅವನ ಮುಂದೆ ನಿಲ್ಲತಕ್ಕ ಸಾಲು ಇನ್ನೂ ಸಿದ್ಧವಾಗಿರಲಿಲ್ಲ. ಆ ಒಂದೇ ಋತುವಿನಲ್ಲಿ ಎದುರಾಳಿಗಳು ಅವನನ್ನು 76 ಸಲ ಕೆಡಹಿದರು. ಲೀಗಿನ ಚರಿತ್ರೆಯಲ್ಲಿ ಒಬ್ಬನು ಒಂದು ಋತುವಿನಲ್ಲಿ ಅಷ್ಟು ಸಲ ಬಿದ್ದುದಿಲ್ಲ. ತಾನು ಪಡೆದ ಕೀರ್ತಿಗೆ ತಕ್ಕ ಆಟವನ್ನು ಅವನು ಮುಂದೆಂದೂ ತೋರಲಾಗಲಿಲ್ಲ.

ಇನ್ನೂ ಮರುಕ ಹುಟ್ಟಿಸುವುದು ಆಂಡ್ರೂ ಲಕ್ಕನ ವೃತ್ತಾಂತ. 2012ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಈತನು ನಿಜವಾಗಿಯೂ ಸಮರ್ಥನು. ಆಯ್ಕೆಯಲ್ಲಿ ಲೇಶವೂ ತಪ್ಪಿರಲಿಲ್ಲ. ಆದರೆ ಏಟಿನ ಮೇಲೆ ಏಟು ಬಿದ್ದು, ಭುಜದ ಬೇನೆಯಿಂದ 2017ರ ಋತುವನ್ನೆಲ್ಲ ಕಳೆದುಕೊಂಡು, 2019ರ ಆಗಸ್ಟಿನಲ್ಲಿ 29ನೆಯ ವಯಸ್ಸಿಗೆ ಆಟವನ್ನೇ ತ್ಯಜಿಸಿದನು. ರತ್ನವನ್ನು ಗುರುತಿಸಿದರೆ ಸಾಲದು, ಅದನ್ನಿಡುವ ಕರಡಿಗೆಯೂ ಬೇಕೆಂಬುದು ಇದರಿಂದ ತಿಳಿಯಬರುತ್ತದೆ.

ಕಾಲವನ್ನು ಕೊಟ್ಟ ತಂಡಗಳಲ್ಲಿ ಫಲವು ಬೇರೆಯಾಗಿ ಕಂಡಿದೆ. 2005ರಲ್ಲಿ 24ನೆಯವನಾಗಿ ಗ್ರೀನ್ ಬೇ ತಂಡಕ್ಕೆ ಬಂದ ಆರನ್ ರಾಡ್ಜರ್ಸನು ಬ್ರೆಟ್ ಫಾವ್ರ್ ಎಂಬ ಹಿರಿಯನ ಹಿಂದೆ ಮೂರು ವರ್ಷ ಕಾದು ಕಲಿತನು. ಮಹೋಮ್ಸನೂ ಅಲೆಕ್ಸ್ ಸ್ಮಿತ್ತನ ಬಳಿ ಒಂದು ವರ್ಷವನ್ನು ನೋಡುತ್ತ ಕಳೆದನು. 2018ರಲ್ಲಿ ಮೂರನೆಯವನಾಗಿ ನ್ಯೂಯಾರ್ಕಿನ ಜೆಟ್ಸ್ ತಂಡಕ್ಕೆ ಹೋಗಿ, ನಿಷ್ಪ್ರಯೋಜಕನೆನಿಸಿಕೊಂಡು, 2021ರಲ್ಲಿ ಅಲ್ಲಿಂದ ಕಳುಹಿಸಲ್ಪಟ್ಟ ಸ್ಯಾಮ್ ಡಾರ್ನಲ್ಡನು 2024ರಲ್ಲಿ ಮಿನೆಸೋಟಾ ತಂಡಕ್ಕೆ 14 ಗೆಲವುಗಳನ್ನು ತಂದುಕೊಟ್ಟನು. ಬೀಜವು ಅದೇ, ನೆಲವು ಬೇರೆ. ಬಹುಕಾಲ ಹುಡುಗರಿಗೆ ಪಾಠ ಹೇಳಿದವರಾದ ನಮಗೆ ಇದು ಆಶ್ಚರ್ಯವಲ್ಲ. ಒಂದು ತರಗತಿಯಲ್ಲಿ ಮಂಕನೆನಿಸಿದವನು ಇನ್ನೊಂದರಲ್ಲಿ ಮೇಲೇಳುವುದನ್ನು ಯಾವ ಉಪಾಧ್ಯಾಯನು ಕಂಡಿಲ್ಲ?

ಸಿದ್ಧಾಂತ

ಹಾಗಾದರೆ ಮೊದಲ ಸರದಿಯಲ್ಲಿ ಕ್ವಾರ್ಟರ್‌ಬ್ಯಾಕನನ್ನು ಆರಿಸುವುದು ತಪ್ಪೆಂದು ನಾವು ಹೇಳುವೆವೋ? ಇಲ್ಲ. ಡಲ್ಲಾಸಿನ ಕೌಬಾಯ್ಸ್ ತಂಡವು 1989ರಲ್ಲಿ ಮೊದಲ ಸರದಿಯಿಂದ ಟ್ರಾಯ್ ಏಕ್‌ಮನ್ನನನ್ನು ತಂದಿತು. ಆ ವರ್ಷ ಅವನು ಮೊದಲಿನಿಂದ ಆಡಿದ 11 ಪಂದ್ಯಗಳೂ ಸೋಲೇ. ಆದರೆ ತಂಡದವರು ಅವನನ್ನು ಬಿಡಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಹರ್ಷಲ್ ವಾಕರ್ ಎಂಬ ಪ್ರಸಿದ್ಧ ಆಟಗಾರನನ್ನು ಮಿನೆಸೋಟಾಗೆ ಕೊಟ್ಟು, ಪ್ರತಿಯಾಗಿ ಹಲವು ಸರದಿಗಳನ್ನು ಕೂಡಿಹಾಕಿ, ಅವುಗಳಿಂದ ಏಕ್‌ಮನ್ನನ ಸುತ್ತಲೂ ತಂಡವನ್ನು ಕಟ್ಟಿದರು. 1993, 1994, 1996ರ ಜನವರಿಗಳಲ್ಲಿ ಅವರು ಸೂಪರ್ ಬೌಲನ್ನು ಗೆದ್ದರು. ಒಳ್ಳೆಯ ಸೇನಾನಿಯಿಂದ ಸೇನೆಯೋ, ಒಳ್ಳೆಯ ಸೇನೆಯಿಂದ ಸೇನಾನಿಯೋ ಎಂಬುದು ಬೀಜಾಂಕುರ ನ್ಯಾಯದಂತೆ ಬಿಡಿಸಲಾರದ ಪ್ರಶ್ನೆ. ಅದನ್ನು ಬಿಡಿಸುವ ಗೊಡವೆಗೆ ಹೋಗದೆ ಎರಡನ್ನೂ ಒಟ್ಟಿಗೆ ಬೆಳೆಸಿದವರು ಗೆದ್ದರು.

ಆದಕಾರಣ ನಮ್ಮ ಅಭಿಪ್ರಾಯವಿದು. ಸರದಿಯು ತನ್ನದೇ ಆಗಿ ಒದಗಿ ಬಂದಿದ್ದರೆ, ಪರೀಕ್ಷಕರ ಮನಸ್ಸು ಆ ತರುಣನಲ್ಲಿ ಪೂರ್ಣವಾಗಿ ನೆಟ್ಟಿದ್ದರೆ, ಅವನನ್ನು ಕಾಯುವ ಸಾಲನ್ನು ಕಟ್ಟುವುದಕ್ಕೆ ಕೈಯಲ್ಲಿ ಬೇರೆ ಸರದಿಗಳು ಉಳಿದಿದ್ದರೆ, ಎರಡು ಮೂರು ವರ್ಷ ಸೋಲನ್ನು ಸಹಿಸುವ ತಾಳ್ಮೆ ಯಜಮಾನರಲ್ಲಿದ್ದರೆ, ಸಂದೇಹವಿಲ್ಲದೆ ಆರಿಸಿಕೊಳ್ಳಲಿ. ಈ ನಾಲ್ಕರಲ್ಲಿ ಕೊನೆಯ ಎರಡು ಇಲ್ಲದಿದ್ದರೆ, ಸರದಿಯನ್ನು ಮಾರಿ ಹಲವು ಆಟಗಾರರನ್ನು ಪಡೆದು ಮೊದಲು ಮನೆಯನ್ನು ಭದ್ರಪಡಿಸಲಿ. ಊರಿನ ಜನರ ಕೂಗಿಗೆ ಹೆದರಿ, ಇರುವವರಲ್ಲಿ ಒಬ್ಬನನ್ನು ಸೇನಾನಿಯೆಂದು ಕರೆದು ಪಟ್ಟ ಕಟ್ಟುವುದಂತೂ ಕೂಡದು.

ನಮ್ಮ ಮನೆಗಳಲ್ಲಿಯೂ ಓದು ಮುಗಿಸಿದ ಹುಡುಗನೊಬ್ಬನ ಹೆಗಲಿಗೆ ಮನೆಯ ಸಾಲ, ತಂಗಿಯರ ಮದುವೆ, ಹಿರಿಯರ ಆಶೆಗಳೆಲ್ಲವನ್ನೂ ಒಂದೇ ದಿನದಲ್ಲಿ ಹೊರಿಸುವುದುಂಟು. ಅವನು ಎಡವಿದರೆ ಹುಡುಗನು ಸರಿಯಿಲ್ಲವೆನ್ನುವರು. ಅವನ ಮುಂದೆ ನಿಂತು ಏಟನ್ನು ತಡೆಯತಕ್ಕವರು ಯಾರಿದ್ದರೆಂದು ಕೇಳುವವರು ವಿರಳ. ಮುಂದಿನ ಏಪ್ರಿಲಿನಲ್ಲಿ ಯಾವುದೋ ತಂಡದವರು ಯಾವನೋ ತರುಣನ ಹೆಸರನ್ನು ಸಾರುವಾಗ, ಇಲ್ಲಿಯ ಅಜ್ಜನು ಅಲ್ಲಿಯ ಮೊಮ್ಮಗನನ್ನು, "ಇವನ ಮುಂದೆ ನಿಲ್ಲುವ ಐವರು ಯಾರಪ್ಪ?" ಎಂದು ಕೇಳಲಿ. ಉತ್ತರವು ದೊರೆತರೆ ಆ ಆಯ್ಕೆಯ ಮುಂದಿನ ಗತಿಯನ್ನು ಬಹುಮಟ್ಟಿಗೆ ಊಹಿಸಬಹುದು.