ಲಗ್ಗೆ ಎರಡು ನಿಮಿಷ, ಮುತ್ತಿಗೆ ಏಳು ವಾರ

ಕೋಟೆಯ ಯುದ್ಧಕ್ಕೆ ಕನ್ನಡದಲ್ಲಿ ಎರಡು ಮಾತುಗಳಿವೆ. ಒಂದು ಮುತ್ತಿಗೆ, ಇನ್ನೊಂದು ಲಗ್ಗೆ. ಮುತ್ತಿಗೆ ಎಂದರೆ ಸುತ್ತುವರಿದು ಕೂರುವುದು. ಲಗ್ಗೆ ಎಂದರೆ ಏಣಿ ಹಾಕಿ, ಗೋಡೆ ಹತ್ತಿ, ಒಳಗೆ ನುಗ್ಗುವುದು. ನಮ್ಮ ಮನೆಯ ಉರ್ದುವಿನಲ್ಲಿ ಮುತ್ತಿಗೆಗೆ ಮುಹಾಸಿರಾ ಎನ್ನುತ್ತೇವೆ. ಅದರ ಅರಬ್ಬಿ ಮೂಲದ ಅರ್ಥವೂ ಸುತ್ತುಗಟ್ಟಿ ತಡೆಯುವುದು ಎಂದೇ. 'ಐರನ್‌ಕ್ಲಾಡ್' ಎಂಬ ಇಂಗ್ಲಿಷ್ ಸಿನಿಮಾದ ಟ್ರೇಲರ್ ನೋಡಿದಾಗ ನನಗೆ ಮೊದಲು ಹೊಳೆದದ್ದು ಇದು: ಸಿನಿಮಾದ ವಿಷಯ ಮುತ್ತಿಗೆ, ಆದರೆ ಟ್ರೇಲರಿನಲ್ಲಿ ಇರುವುದೆಲ್ಲ ಲಗ್ಗೆ.

ಸಿನಿಮಾ ಹೊಸದೇನಲ್ಲ, 2011ರದ್ದು. ನಿರ್ದೇಶಕ ಜೊನಾಥನ್ ಇಂಗ್ಲಿಷ್. ಇಂಗ್ಲೆಂಡಿನ ರಾಜ ಜಾನ್ ಆಗಿ ಪಾಲ್ ಜಿಯಾಮಾಟಿ, ನಾಯಕನಾಗಿ ಜೇಮ್ಸ್ ಪ್ಯೂರ್‌ಫಾಯ್ ನಟಿಸಿದ್ದಾರೆ. ನಾನು ಎಚ್.ಇ.ಬಿ.ಎ. ತೆಗೆದುಕೊಂಡವನು. ಅಕೌಂಟೆನ್ಸಿ ಜೊತೆಗೆ ಇತಿಹಾಸವೂ ಇದೆ. ಮ್ಯಾಗ್ನಾ ಕಾರ್ಟಾ ಬಗ್ಗೆ ನೋಟ್ಸ್ ಹುಡುಕುವಾಗ ಈ ಟ್ರೇಲರ್ ಸಿಕ್ಕಿತು. ಸಿನಿಮಾ ಇನ್ನೂ ನೋಡಿಲ್ಲ. ಟ್ರೇಲರನ್ನು ಮಾತ್ರ ಮೂರು ಸಲ ನೋಡಿದೆ, ಆಮೇಲೆ ಆ ಮುತ್ತಿಗೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ನೋಡಿದಾಗ ಮೈ ಜುಮ್ಮೆಂದದ್ದು ನಿಜ. ಬೂದು ಆಕಾಶ, ಕೆಸರು, ಗೋಡೆಗೆ ಬಂದು ಬಡಿಯುವ ಕಲ್ಲುಗುಂಡು, ಬೆಂಕಿ, ಎರಡು ಕೈಯಲ್ಲೂ ಹಿಡಿಯಬೇಕಾದ ದೊಡ್ಡ ಕತ್ತಿ, ಗಂಟಲು ಹರಿಯುವಂತೆ ಕೂಗುವ ರಾಜ. ಎರಡನೇ ಸಲ ಸೌಂಡ್ ಪೂರ್ತಿ ತೆಗೆದು ನೋಡಿದೆ. ನೀವೂ ಮಾಡಿ ನೋಡಿ, ಯಾವ ಆ್ಯಕ್ಷನ್ ಟ್ರೇಲರಿಗಾದರೂ ಇದು ಒಳ್ಳೆಯ ಪರೀಕ್ಷೆ. ಡೋಲು ನಿಂತ ಕೂಡಲೇ ಅರ್ಧ ರೋಮಾಂಚನ ಹೋಗುತ್ತದೆ. ಉಳಿಯುವುದು ಕೆಸರಿನಲ್ಲಿ ಒಬ್ಬರನ್ನೊಬ್ಬರು ತಳ್ಳುವ ಒದ್ದೆ ಜನ. ಮೂರನೇ ಸಲ ಒಂದು ಪ್ರಶ್ನೆ ಇಟ್ಟುಕೊಂಡು ನೋಡಿದೆ: ಇವರು ಊಟಕ್ಕೆ ಏನು ಮಾಡುತ್ತಾರೆ? ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ ಯಾರೂ ಒಂದು ತುತ್ತು ತಿನ್ನುವುದು ಕಾಣಲಿಲ್ಲ.

ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಕಥೆ ನಡೆಯುವುದು ರಾಚೆಸ್ಟರ್ ಕೋಟೆಯಲ್ಲಿ, 1215ರಲ್ಲಿ. ಅಲ್ಲಿ ನಿಜವಾಗಿ ನಡೆದದ್ದನ್ನು ಓದಿದರೆ, ಕೋಟೆಯ ಭವಿಷ್ಯ ತೀರ್ಮಾನವಾದದ್ದು ಕತ್ತಿಯಿಂದಲ್ಲ, ಉಗ್ರಾಣದಿಂದ ಎಂದು ಗೊತ್ತಾಗುತ್ತದೆ.

ಹಿನ್ನೆಲೆ ಸ್ವಲ್ಪದರಲ್ಲಿ ಹೇಳುತ್ತೇನೆ. ರಾಜ ಜಾನ್ ಯುದ್ಧಕ್ಕೆಂದು ತೆರಿಗೆಯ ಮೇಲೆ ತೆರಿಗೆ ಹಾಕಿದ, ಯುದ್ಧದಲ್ಲಿ ಸೋತ. ಸರದಾರರು ತಿರುಗಿಬಿದ್ದರು. 1215ರ ಜೂನ್ 15ರಂದು ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ ಅವನಿಂದ ಒಂದು ಸನ್ನದಿಗೆ ಒಪ್ಪಿಗೆ ಪಡೆದರು. ಅದೇ ಮ್ಯಾಗ್ನಾ ಕಾರ್ಟಾ. ಕಾನೂನಿನ ತೀರ್ಪಿಲ್ಲದೆ ಸ್ವತಂತ್ರ ಪ್ರಜೆಯನ್ನು ಸೆರೆಗೆ ಹಾಕುವಂತಿಲ್ಲ ಎಂಬ ಷರತ್ತು ಎಲ್ಲರಿಗೂ ಗೊತ್ತು. ನಮ್ಮ ಕಾಮರ್ಸ್ ಗೆಳೆಯರಿಗೆ ಗೊತ್ತಿರದ ವಿಷಯವೆಂದರೆ, ದೇಶಕ್ಕೆಲ್ಲ ಧಾನ್ಯಕ್ಕೆ ಒಂದೇ ಅಳತೆ ಇರಬೇಕು, ವ್ಯಾಪಾರಿಗಳು ಹೆದರಿಕೆಯಿಲ್ಲದೆ ಓಡಾಡಬೇಕು ಎಂಬ ಷರತ್ತುಗಳೂ ಅದರಲ್ಲಿವೆ. ಆಗಸ್ಟಿನಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಆ ಸನ್ನದನ್ನು ರದ್ದು ಮಾಡಿದ. ಮತ್ತೆ ಯುದ್ಧ.

ರಾಚೆಸ್ಟರ್ ಇರುವುದು ಮೆಡ್‌ವೇ ನದಿಯ ದಡದಲ್ಲಿ, ಡೋವರ್ ಬಂದರಿನಿಂದ ಲಂಡನ್ನಿಗೆ ಹೋಗುವ ದಾರಿಯ ಮೇಲೆ. ಲಂಡನ್ ಸರದಾರರ ಕೈಯಲ್ಲಿತ್ತು. ರಾಜ ಕೂಲಿ ಸೈನಿಕರನ್ನು ತರಿಸಿಕೊಳ್ಳುತ್ತಿದ್ದದ್ದು ಸಮುದ್ರದ ಆಚೆಯಿಂದ. ಆದ್ದರಿಂದ ನಡುವೆ ಇದ್ದ ಈ ಕೋಟೆ ಇಬ್ಬರಿಗೂ ಬೇಕಾಗಿತ್ತು. ವಿಲಿಯಂ ಡಿ ಆಬಿನಿ ಎಂಬ ಸರದಾರ ತನ್ನವರೊಂದಿಗೆ ಒಳಗೆ ಸೇರಿಕೊಂಡ. ಒಳಗೆ ಹೋಗಿ ನೋಡಿದರೆ ಉಗ್ರಾಣ ಖಾಲಿ! ಬಿಟ್ಟುಹೋಗೋಣ ಎಂದು ಕೆಲವರು ಅಂದರಂತೆ. ಡಿ ಆಬಿನಿ ಒಪ್ಪಲಿಲ್ಲ. ಊರಿನಲ್ಲಿ ಸಿಕ್ಕಿದ್ದನ್ನು ಒಳಗೆ ಹೊತ್ತು ತಂದರು. ಹೆಚ್ಚು ಹೊತ್ತು ತರಲು ಸಮಯ ಸಿಗಲಿಲ್ಲ, ಕೆಲವೇ ದಿನಗಳಲ್ಲಿ ರಾಜನ ಸೈನ್ಯ ಬಂತು. ಓಪನಿಂಗ್ ಸ್ಟಾಕ್ ಇಷ್ಟೇ. ಪರ್ಚೇಸ್ ಸೊನ್ನೆ. ದಿನದ ಖರ್ಚು ನೂರಕ್ಕೂ ಹೆಚ್ಚು ಹೊಟ್ಟೆ, ಮೇಲೆ ಕುದುರೆಗಳು. ಕ್ಲೋಸಿಂಗ್ ಸ್ಟಾಕ್ ಯಾವಾಗ ಮುಗಿಯುತ್ತದೆ ಎನ್ನುವುದೇ ಮುತ್ತಿಗೆ.

ಸಿನಿಮಾದ ಕಥೆಯಲ್ಲಿ ಕೋಟೆ ಕಾಯುವವರು ಬೆರಳೆಣಿಕೆಯ ವೀರರು. ನಿಜದಲ್ಲಿ ಯೋಧರ ಸಂಖ್ಯೆಯನ್ನೇ 95ರಿಂದ 140ರವರೆಗೆ ಬೇರೆ ಬೇರೆ ಬರಹಗಳು ಕೊಡುತ್ತವೆ. ಸಿನಿಮಾದಲ್ಲಿ ರಾಜನ ಕೂಲಿ ಸೈನಿಕರು ಡೆನ್ಮಾರ್ಕಿನವರು, ಮುಖಕ್ಕೆ ಬಣ್ಣ ಬಳಿದುಕೊಂಡ ಒರಟರು. ನಿಜದಲ್ಲಿ ಅವರು ಫ್ಲಾಂಡರ್ಸ್, ಪೊಯಿಟು, ಗ್ಯಾಸ್ಕನಿ ಕಡೆಯವರು. ಇದನ್ನೆಲ್ಲ ಸಿನಿಮಾದವರ ಸ್ವಾತಂತ್ರ್ಯ ಎಂದು ಬಿಟ್ಟುಬಿಡಬಹುದು.

ಆದರೆ ನಾಯಕನ ವಿಷಯ ಹಾಗೆ ಬಿಡುವಂಥದ್ದಲ್ಲ. ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ ಕಂಡ ಕೂಡಲೇ ನಮ್ಮ ಬೆಂಚಿನ ಗೆಳೆಯನೊಬ್ಬ, "ಇದ್ರಲ್ಲಿ ಸಲಾಹುದ್ದೀನ್ ಬರ್ತಾರೇನೋ?" ಎಂದು ಕೇಳಿದ. ಬರುವುದಿಲ್ಲ. ಅವರು 1193ರಲ್ಲೇ ತೀರಿಕೊಂಡಿದ್ದರು, ಈ ಜಗಳ ಇಂಗ್ಲೆಂಡಿನವರದ್ದೇ. ಆ ಉಡುಪು ಟೆಂಪ್ಲರ್ ಪಂಗಡದ ಯೋಧನದ್ದು. ಜೆರುಸಲೇಮಿನಲ್ಲಿ ಹುಟ್ಟಿದ ಆ ಪಂಗಡ ಯುದ್ಧ ಮಾಡಿದಷ್ಟೇ ಶ್ರದ್ಧೆಯಿಂದ ಬ್ಯಾಂಕಿನಂಥ ವ್ಯವಹಾರವನ್ನೂ ಮಾಡುತ್ತಿತ್ತು. ಜನ ಅವರಲ್ಲಿ ಹಣ ಇಡುತ್ತಿದ್ದರು, ರಾಜರು ಸಾಲ ಪಡೆಯುತ್ತಿದ್ದರು. ಸಾಲ ಪಡೆದವರಲ್ಲಿ ಜಾನ್ ಕೂಡ ಒಬ್ಬ. ಇಂಗ್ಲೆಂಡಿನ ಟೆಂಪ್ಲರ್ ಮುಖ್ಯಸ್ಥ ಏಮೆರಿಕ್‌ನ ಹೆಸರು ಮ್ಯಾಗ್ನಾ ಕಾರ್ಟಾದ ಆರಂಭದಲ್ಲೇ ಇದೆ, ರಾಜನಿಗೆ ಸಲಹೆ ಕೊಟ್ಟವರ ಪಟ್ಟಿಯಲ್ಲಿ. ಇಷ್ಟೇ ಅಲ್ಲ. 1215ರ ಮಾರ್ಚಿನಲ್ಲಿ ಜಾನ್ ತಾನೇ ಶಿಲುಬೆ ಧರಿಸಿ ಧರ್ಮಯುದ್ಧದ ಪ್ರತಿಜ್ಞೆ ಮಾಡಿದ್ದ. ಪ್ರತಿಜ್ಞೆ ಮಾಡಿದವನಿಗೆ ಚರ್ಚಿನ ರಕ್ಷಣೆ ಸಿಗುತ್ತಿತ್ತು. ಅಂದರೆ ಶಿಲುಬೆ ರಾಜನ ಕಡೆಯೂ ಇತ್ತು, ಟೆಂಪ್ಲರ್ ಮುಖ್ಯಸ್ಥನೂ ರಾಜನ ಕಡೆಯೇ ಇದ್ದ. ಟ್ರೇಲರಿನಲ್ಲಿ ಅದು ರಾಜನ ವಿರುದ್ಧ ನಿಂತವನ ಎದೆಯ ಮೇಲೆ ಮಾತ್ರ ಹೊಳೆಯುತ್ತದೆ.

ಟ್ರೇಲರುಗಳಿಗೆ ಸಮಯ ಇರುವುದಿಲ್ಲ. ಯಾರು ಒಳ್ಳೆಯವ, ಯಾರು ಕೆಟ್ಟವ ಎಂದು ಬಟ್ಟೆ ಮತ್ತು ಬೆಳಕಿನಲ್ಲೇ ಹೇಳಿ ಮುಗಿಸಬೇಕು. ಜಾನ್‌ನನ್ನು ನೋಡುವಾಗ ನನಗೆ ಇದು ಪರಿಚಯದ ರೀತಿ ಅನ್ನಿಸಿತು. ನಮ್ಮ ಕಡೆಯ ಐತಿಹಾಸಿಕ ಸಿನಿಮಾಗಳ ಟ್ರೇಲರುಗಳಲ್ಲೂ ಕತ್ತಲೆ ಕೋಣೆ, ಕಾಡಿಗೆ ಕಣ್ಣು, ಮಾಂಸ ಕಚ್ಚಿ ಎಳೆಯುವ ಸುಲ್ತಾನ ಬರುತ್ತಾನಲ್ಲ, ಅದೇ ಲೆಕ್ಕ. ಒಮ್ಮೆ ಥಿಯೇಟರಿನಲ್ಲಿ ಹಾಗೊಂದು ಟ್ರೇಲರ್ ಬಂದಾಗ ಪಕ್ಕದಲ್ಲಿದ್ದ ಹುಡುಗ ತಮಾಷೆಗೆ, "ಏಯ್, ಇವ್ನು ನಿಮ್ಮವ್ನಾ?" ಎಂದು ಕೇಳಿದ್ದ. ನಾನೂ ನಕ್ಕೆ. ಏನು ಹೇಳಬೇಕೆಂದು ತೋಚಲಿಲ್ಲ. ಅವನು ಈಗಲೂ ನನ್ನ ಗೆಳೆಯ, ಆ ಮಾತು ಅವನಿಗೆ ನೆನಪೂ ಇರಲಿಕ್ಕಿಲ್ಲ.

ಜಾನ್ ಒಳ್ಳೆಯವನಾಗಿದ್ದ ಎಂದು ನಾನು ವಾದಿಸುತ್ತಿಲ್ಲ. ಕ್ರೂರಿಯೇ. ಆದರೆ ಅವನ ಬಗ್ಗೆ ಬರೆದಿಟ್ಟವರಲ್ಲಿ ಹೆಚ್ಚಿನವರು ಮಠದ ಸನ್ಯಾಸಿಗಳು, ಅವನೋ ವರ್ಷಗಟ್ಟಲೆ ಚರ್ಚಿನ ಜೊತೆ ಜಗಳವಾಡಿದವನು. ಅಕೌಂಟೆನ್ಸಿಯಲ್ಲಿ ನಮಗೆ ಮೊದಲು ಹೇಳಿಕೊಡುವುದೇ ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು ಎಂದು. ಅದೃಷ್ಟಕ್ಕೆ ಈ ಮುತ್ತಿಗೆಗೆ ವೋಚರ್ ಇದೆ. ರಾಜನ ಕಚೇರಿಯಿಂದ ಹೊರಟ ಆಜ್ಞೆಗಳ ಪ್ರತಿಗಳು ಇಂದಿಗೂ ಉಳಿದಿವೆ.

ಅಕ್ಟೋಬರ್ ಮಧ್ಯದ ಒಂದು ಆಜ್ಞೆ ಕ್ಯಾಂಟರ್‌ಬರಿ ಊರಿಗೆ: ಹಗಲೂ ರಾತ್ರಿ ಕೆಲಸ ಮಾಡಿ, ಎಷ್ಟು ಸಾಧ್ಯವೋ ಅಷ್ಟು ಗುದ್ದಲಿಗಳನ್ನು ಮಾಡಿ ಕಳುಹಿಸಿ. ಕತ್ತಿ ಕೇಳಿಲ್ಲ, ಗುದ್ದಲಿ ಕೇಳಿದ್ದಾನೆ. ಐದು ಕಲ್ಲೆಸೆಯುವ ಯಂತ್ರಗಳು ಗೋಡೆಗೆ ಬಡಿಯುತ್ತಲೇ ಇದ್ದವು. ಹೊರಗೋಡೆ ಬಿತ್ತು. ಒಳಗಿನವರು ನಡುಗೋಪುರಕ್ಕೆ ಹಿಂದೆ ಸರಿದರು. ಆ ಗೋಪುರ ಸುಮಾರು 113 ಅಡಿ ಎತ್ತರ, ಗೋಡೆ ಬುಡದಲ್ಲಿ ಸುಮಾರು 12 ಅಡಿ ದಪ್ಪ. ಕಲ್ಲಿಗೆ ಅದು ಜಗ್ಗಲಿಲ್ಲ. ಇಂಗ್ಲೆಂಡಿನಲ್ಲಿ ಆಗ ತೋಪು, ಮದ್ದುಗುಂಡು ಇರಲಿಲ್ಲ. ಹಾಗಾಗಿ ಗೋಪುರದ ಆಗ್ನೇಯ ಮೂಲೆಯ ಅಡಿಗೆ ಸುರಂಗ ತೋಡಿದರು. ತೋಡುತ್ತ ಹೋದಂತೆ ಮೇಲಿನ ಗೋಡೆ ಕುಸಿಯದಂತೆ ಮರದ ಕಂಬಗಳನ್ನು ಕೊಟ್ಟರು. ಕೊನೆಗೆ ಆ ಕಂಬಗಳನ್ನೇ ಸುಡಬೇಕು. ಕಂಬ ಸುಟ್ಟರೆ ಸುರಂಗ ಕುಸಿಯುತ್ತದೆ, ಸುರಂಗದ ಜೊತೆ ಗೋಪುರದ ಮೂಲೆಯೂ ಕುಸಿಯುತ್ತದೆ. ನೆಲದೊಳಗಿನ ತೇವದಲ್ಲಿ ದಪ್ಪ ಮರ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಕೊಬ್ಬು ಬೇಕು.

ನವೆಂಬರ್ 25ರ ಆಜ್ಞೆ ಇದಕ್ಕೇ. ಗೋಪುರದ ಅಡಿಗೆ ಬೆಂಕಿ ಹಾಕಲು 40 ಹಂದಿಗಳನ್ನು ಕಳುಹಿಸು ಎಂದು ರಾಜ ತನ್ನ ಅಧಿಕಾರಿ ಹ್ಯೂಬರ್ಟ್ ಡಿ ಬರ್ಗ್‌ಗೆ ಬರೆಸಿದ. ಚೆನ್ನಾಗಿ ಕೊಬ್ಬಿದವು ಬೇಕು, ಆದರೆ ತಿನ್ನಲು ಒಳ್ಳೆಯದಲ್ಲದ ಜಾತಿಯವು ಸಾಕು ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ಯುದ್ಧದ ನಡುವೆಯೂ ಕಾಸ್ಟ್ ಕಂಟ್ರೋಲ್! (ನಮ್ಮ ಮನೆಗಳಲ್ಲಿ ಈ ಪ್ರಾಣಿಯ ಹೆಸರು ಹೇಳಿದರೆ ನಾಲಿಗೆ ನಲವತ್ತು ದಿನ ನಾಪಾಕ್ ಎಂದು ಹಿರಿಯರು ಬೈಯುವುದುಂಟು. ನಲವತ್ತು ಪ್ರಾಣಿಗಳ ಲೆಕ್ಕ ಹಾಕಿದರೆ ಈ ಪ್ಯಾರಾ ಬರೆದ ನಾನು ಡಿಗ್ರಿ ಮುಗಿಸುವವರೆಗೂ ಬಾಯಿ ತೆರೆಯುವಂತಿಲ್ಲ.)

ಮೂಲೆ ಕುಸಿಯಿತು. ಸಿನಿಮಾ ಆಗಿದ್ದರೆ ಇಲ್ಲಿಗೆ ಲಗ್ಗೆ, ಕ್ಲೈಮ್ಯಾಕ್ಸ್. ನಿಜದಲ್ಲಿ ಗೋಪುರದ ಒಳಗೆ ಅದನ್ನು ಎರಡು ಭಾಗ ಮಾಡುವ ಅಡ್ಡಗೋಡೆ ಇತ್ತು. ಒಳಗಿನವರು ಅದರ ಹಿಂದೆ ನಿಂತು ಇನ್ನೂ ಹೋರಾಡಿದರು. ಆ ಹೊತ್ತಿಗೆ ಅವರು ತಿನ್ನುತ್ತಿದ್ದದ್ದು ತಮ್ಮ ಕುದುರೆಗಳನ್ನು. ಹೋರಾಡಲು ಆಗದವರನ್ನು ಹೊರಗೆ ಕಳುಹಿಸಿದರು, ಉಣ್ಣುವ ಬಾಯಿ ಕಡಿಮೆಯಾಗಲಿ ಎಂದು. ಹೀಗೆ ಹೊರಬಂದವರಲ್ಲಿ ಕೆಲವರ ಕೈಕಾಲುಗಳನ್ನು ಜಾನ್ ಕತ್ತರಿಸಿದನೆಂದು ಒಂದು ಚರಿತ್ರೆ ಹೇಳುತ್ತದೆ. ನನಗೆ ಅತಿ ಭಯಂಕರ ಅನ್ನಿಸಿದ್ದು ಈ ಭಾಗ. ಹೊರಗೆ ಕಳುಹಿಸಲು ಆರಿಸಿದವರು ಅವರ ಜೊತೆಗಾರರೇ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳುಹಿಸಬೇಕು ಎಂದು ಆ ಗೋಪುರದೊಳಗೆ ಯಾರೋ ಕೂತು ಲೆಕ್ಕ ಹಾಕಿರಬೇಕು. ಟ್ರೇಲರಿನ ಎಲ್ಲ ಕತ್ತಿಗಳನ್ನೂ ಒಟ್ಟಿಗೆ ಇಟ್ಟರೂ ಆ ಒಂದು ರಾತ್ರಿಯ ಭಾರ ಬರುವುದಿಲ್ಲ.

ಸಹಾಯಕ್ಕೆ ಲಂಡನ್ನಿನಿಂದ ಸೈನ್ಯ ಹೊರಟಿತ್ತು. ದಾರಿಯಲ್ಲಿ ಡಾರ್ಟ್‌ಫರ್ಡ್‌ವರೆಗೆ ಬಂದು ವಾಪಸ್ ಹೋಯಿತು. ನವೆಂಬರ್ 30ರಂದು ಒಳಗಿನವರು ಶರಣಾದರು. ಅಕ್ಟೋಬರ್ ಮಧ್ಯದಿಂದ ಲೆಕ್ಕ ಹಾಕಿದರೆ ಸುಮಾರು ಏಳು ವಾರ.

ಎಲ್ಲರನ್ನೂ ನೇಣಿಗೆ ಹಾಕಿ ಎಂದ ಜಾನ್. ತಡೆದವನು ಅವನದೇ ಸೇನಾನಿ ಸಾವರಿ ಡಿ ಮೊಲಿಯೋನ್. ಅವನು ಕೊಟ್ಟ ಕಾರಣ ಕರುಣೆಯದಲ್ಲ. ನಾವು ಅವರನ್ನು ನೇಣಿಗೆ ಹಾಕಿದರೆ, ನಾಳೆ ನಮ್ಮವರು ಸಿಕ್ಕಿದಾಗ ಅವರೂ ಹಾಗೇ ಮಾಡುತ್ತಾರೆ, ಆಮೇಲೆ ನಿನ್ನ ಪರ ಹೋರಾಡಲು ಯಾರು ಬರುತ್ತಾರೆ ಎಂದ. ರಾಜ ಒಪ್ಪಿದ. ಒಂದು ಚರಿತ್ರೆಯ ಪ್ರಕಾರ ನೇಣಿಗೆ ಹೋದವನು ಒಬ್ಬನೇ ಬಿಲ್ಲುಗಾರ. ಬಾಲ್ಯದಿಂದ ಜಾನ್‌ನ ಆಶ್ರಯದಲ್ಲೇ ಬೆಳೆದವನು. ಡಿ ಆಬಿನಿಯನ್ನು ಕಾರ್ಫ್ ಕೋಟೆಯಲ್ಲಿ ಸೆರೆ ಇಟ್ಟರು. ಸಿನಿಮಾದ ಕಥೆಯಲ್ಲಿ ಅವನು ಘೋರವಾಗಿ ಸಾಯುತ್ತಾನಂತೆ. ನಿಜವಾದ ಡಿ ಆಬಿನಿ ಬಿಡುಗಡೆಯಾಗಿ ಹೊರಬಂದ. 1216ರ ಅಕ್ಟೋಬರಿನಲ್ಲಿ ಜಾನ್ ಕಾಯಿಲೆ ಬಿದ್ದು ತೀರಿಹೋದ ಮೇಲೆ, ಅವನ ಎಳೆಯ ಮಗ ಮೂರನೇ ಹೆನ್ರಿಯ ಪಕ್ಷ ಸೇರಿ ಹೋರಾಡಿದ. ಇಂಥವನನ್ನು ಯಾವ ಬಣ್ಣದ ಬಟ್ಟೆ ಹಾಕಿಸಿ ಟ್ರೇಲರಿನಲ್ಲಿ ತೋರಿಸುತ್ತೀರಿ?

ಸಿನಿಮಾ ನೋಡುವುದಂತೂ ಖಂಡಿತ, ಪರೀಕ್ಷೆ ಮುಗಿದ ಮೇಲೆ. ರಕ್ತಪಾತ ಜಾಸ್ತಿ ಇರುವುದರಿಂದ ತಮ್ಮ ತಂಗಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ನೋಡುವವರು ಒಮ್ಮೆ ರಾಚೆಸ್ಟರ್ ಕೋಟೆಯ ಇವತ್ತಿನ ಫೋಟೊವನ್ನೂ ಹುಡುಕಿ ನೋಡಿ. ಗೋಪುರದ ಮೂರು ಮೂಲೆಗಳು ಚೌಕಾಕಾರ. ನಾಲ್ಕನೆಯದು, ಹಂದಿಯ ಕೊಬ್ಬಿಗೆ ಕುಸಿದ ಆಗ್ನೇಯ ಮೂಲೆ, ಮಾತ್ರ ದುಂಡಗಿದೆ. ಅದನ್ನು ಮತ್ತೆ ಕಟ್ಟಿಸಿದವನು ಜಾನ್‌ನ ಮಗ ಹೆನ್ರಿಯೇ.