ಕಾರಿನ ಹಿಡಿಗೆ ಹರಳೆಣ್ಣೆ

ಹಳೆ ಅಂಬಾಸಡರ್ ಸಾಕಿಕೊಂಡವರಿಗೆ ಈ ಕಾಟ ಗೊತ್ತು. ಹೊರಗಿನ ಹಿಡಿಯ ಬಟನ್ ಒತ್ತಿದರೆ ಒಳಕ್ಕೆ ಹೋಗುತ್ತದೆ, ಈಚೆ ಬರುವುದಿಲ್ಲ. ಬಾಗಿಲನ್ನು ಎಷ್ಟು ಜೋರಾಗಿ ಬಡಿದರೂ ಲಾಕ್ ಹಿಡಿಯುವುದಿಲ್ಲ. ಇನ್ನು ಕೆಲವು ಹಿಡಿಗಳಲ್ಲಿ ಬಟನ್ ಅಲುಗುವುದೇ ಇಲ್ಲ. ಯಜಮಾನರು ಎಡಗಡೆ ಬಾಗಿಲಿನಿಂದ ತೂರಿ ಸ್ಟೀರಿಂಗ್ ಮುಂದೆ ಬಂದು ಕೂರಬೇಕು. ಗ್ಯಾರೇಜಿನವರ ಮದ್ದು ಒಂದೇ: “ಸ್ಪ್ರೇ ಹೊಡೀರಿ ಸಾರ್, ಸರಿಹೋಗುತ್ತೆ.” ಹೋಗುತ್ತದೆ ಕೂಡ. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪಾಡು.

ಯಾಕೆ ಹೀಗೆ ಎಂದು ತಿಳಿಯಲು ಆ ಸ್ಪ್ರೇ ಯಾವ ಕೆಲಸಕ್ಕೆ ಹುಟ್ಟಿತು ಎಂಬುದನ್ನು ನೋಡಬೇಕು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರಾಕೆಟ್ ಕೆಮಿಕಲ್ ಕಂಪನಿ ಎಂಬ ಪುಟ್ಟ ಸಂಸ್ಥೆಯಿತ್ತು. ಕೆಲಸಗಾರರು ಮೂವರು. ವಿಮಾನ, ರಾಕೆಟ್ ಉದ್ಯಮಕ್ಕೆ ತುಕ್ಕು ತಡೆಯುವ ದ್ರಾವಣ ಮಾಡಿಕೊಡುವುದು ಅವರ ಕಸುಬು. ಲೋಹದ ಮೇಲೆ ಕೂತ ನೀರಿನ ಅಡಿಗೆ ನುಗ್ಗಿ, ಅದನ್ನು ಎಬ್ಬಿಸಿ ಓಡಿಸುವ ದ್ರವ ಅವರಿಗೆ ಬೇಕಿತ್ತು. ನಲವತ್ತನೇ ಪ್ರಯತ್ನಕ್ಕೆ ಸಿಕ್ಕಿತು. ಡಬ್ಲ್ಯೂಡಿ-40 ಎಂಬ ಹೆಸರಿನಲ್ಲಿರುವ ನಲವತ್ತು ಅದೇ. ಅಟ್ಲಾಸ್ ಕ್ಷಿಪಣಿ ತಯಾರಿಸುತ್ತಿದ್ದ ಕಾನ್ವೇರ್ ಕಂಪನಿ ಅದನ್ನು ಕ್ಷಿಪಣಿಯ ತೆಳು ಉಕ್ಕಿನ ಮೈಗೆ ಬಳಿಸಿತು. ಅಲ್ಲಿನ ನೌಕರರು ಡಬ್ಬಿಗಳನ್ನು ಗುಟ್ಟಾಗಿ ಮನೆಗೆ ಸಾಗಿಸತೊಡಗಿದರು. 1958ರಲ್ಲಿ ಅದು ಸ್ಪ್ರೇ ಡಬ್ಬಿಯಾಗಿ ಅಂಗಡಿಗೆ ಬಂತು. ಪೇಟೆಂಟ್ ಮಾಡಿಸಿದರೆ ಸೂತ್ರ ಬಯಲಾಗುತ್ತದೆಂದು ಇವತ್ತಿಗೂ ಮಾಡಿಸಿಲ್ಲ.

ಅಂದರೆ ಅದರ ಹುಟ್ಟುಗುಣ ನೀರು ಓಡಿಸುವುದು. ಅದರಲ್ಲಿರುವ ತೆಳು ದ್ರಾವಕವೇ ಸಂದುಗೊಂದಿಗೆ ನುಗ್ಗಿ ಜಿಡ್ಡನ್ನು ಕರಗಿಸುತ್ತದೆ, ಆಮೇಲೆ ಆರಿಹೋಗುತ್ತದೆ. ಉಳಿಯುವುದು ಎಣ್ಣೆಯ ತೆಳುಪೊರೆ. ಸಿಕ್ಕಿಕೊಂಡದ್ದನ್ನು ಬಿಡಿಸಲು ಅದು ಬೇಕೇಬೇಕು. ಆದರೆ ದಿನಕ್ಕೆ ಹತ್ತಾರು ಸಲ ಉಜ್ಜಾಡುವ, ಮಳೆಗೂ ಧೂಳಿಗೂ ಮೈಯೊಡ್ಡಿದ ಬಟನ್‌ಗೆ ಆ ಪೊರೆ ಸಾಲದು. ಅಲ್ಲಿ ಕಚ್ಚಿಕೊಂಡು ಕೂರುವಂಥದು ಬೇಕು, ಅಂದರೆ ಗ್ರೀಸು.

ಗ್ರೀಸಿನ ಕತೆ ಇದಕ್ಕಿಂತ ಸ್ವಾರಸ್ಯದ್ದು, ಯಾರೂ ಹೇಳುವುದಿಲ್ಲ ಅಷ್ಟೆ. ಗ್ರೀಸು ಎಂದರೆ ಎಣ್ಣೆಯನ್ನು ಹಿಡಿದಿಟ್ಟುಕೊಂಡ ಸೋಪು. ಕೊಬ್ಬಿಗೆ ಸುಣ್ಣ ಸೇರಿಸಿದರೆ ಬರುವುದು ಕ್ಯಾಲ್ಸಿಯಂ ಸೋಪು. ಅದರ ಗ್ರೀಸು ನೀರಿಗೆ ಜಗ್ಗದು, ಆದರೆ 100 ಡಿಗ್ರಿ ಶಾಖದ ಸುಮಾರಿಗೆ ಒಡೆದು ಎಣ್ಣೆ ಬಿಟ್ಟುಕೊಡುತ್ತದೆ. ಸೋಡಿಯಂ ಸೋಪಿನದು ಶಾಖ ತಾಳುತ್ತದೆ, ನೀರು ಬಿದ್ದರೆ ತೊಳೆದುಹೋಗುತ್ತದೆ. ಹಾಗಾಗಿ ಹಿಂದಿನ ಗ್ಯಾರೇಜುಗಳಲ್ಲಿ ಚಾಸಿಗೊಂದು, ಚಕ್ರದ ಬೇರಿಂಗಿಗೊಂದು, ವಾಟರ್ ಪಂಪಿಗೊಂದು ಎಂದು ಬೇರೆಬೇರೆ ಡಬ್ಬ ಇರುತ್ತಿತ್ತು.

1942ರಲ್ಲಿ ಅಮೆರಿಕದ ಕ್ಲಾರೆನ್ಸ್ ಅರ್ಲ್ ಲಿಥಿಯಂ ಸೋಪಿನ ಗ್ರೀಸಿಗೆ ಪೇಟೆಂಟ್ ಪಡೆದ. ಅದು ನೀರು, ಬಿಸಿ ಎರಡನ್ನೂ ತಾಳಿತು. ಎರಡನೇ ಮಹಾಯುದ್ಧದ ವಿಮಾನಗಳಿಗೆ ಅಂಥದೇ ಬೇಕಿತ್ತು. 1817ರಲ್ಲಿ ಸ್ವೀಡನ್ನಿನ ಅರ್ಫ್‌ವೆಡ್ಸನ್ ಕಲ್ಲಿನಲ್ಲಿ ಪತ್ತೆಹಚ್ಚಿದ ಲಿಥಿಯಂ ಲೋಹಕ್ಕೆ ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ಈ ಗ್ರೀಸಿನಲ್ಲೇ. (ಮಂಡ್ಯ ಜಿಲ್ಲೆಯಲ್ಲಿ ಲಿಥಿಯಂ ಇದೆಯೆಂದು ಸುದ್ದಿಯಾದಾಗ ಎಲ್ಲರೂ ಬ್ಯಾಟರಿಯ ಮಾತನ್ನೇ ಆಡಿದರು. ಗ್ರೀಸನ್ನು ಕೇಳುವವರಿಲ್ಲ.)

ಇನ್ನೂ ಒಂದು ಹೆಜ್ಜೆ ಉಳಿದಿತ್ತು: ಆ ಸೋಪಿಗೆ ಯಾವ ಕೊಬ್ಬು ಚೆನ್ನ? 1940ರ ದಶಕದಲ್ಲೇ ಸಿಕ್ಕ ಉತ್ತರ ಹರಳೆಣ್ಣೆ. ಅದರ ಕೊಬ್ಬಿನಾಮ್ಲದಲ್ಲಿ ಶೇ 85ಕ್ಕಿಂತ ಹೆಚ್ಚು ರಿಸಿನೋಲಿಕ್ ಆಮ್ಲ. ಅಡುಗೆ ಎಣ್ಣೆಗಳಲ್ಲಿ ಅದು ಕಾಣುವುದೇ ಅಪರೂಪ. ಅದರ ಸರಪಳಿಯ ಹನ್ನೆರಡನೇ ಇಂಗಾಲಕ್ಕೆ ಆಮ್ಲಜನಕ–ಜಲಜನಕದ ಜೋಡಿಯೊಂದು ಅಂಟಿಕೊಂಡಿರುತ್ತದೆ. ಹರಳೆಣ್ಣೆಗೆ ಜಲಜನಕ ಕೂಡಿಸಿದರೆ ಅದು ಮೇಣವಾಗಿ ಗಟ್ಟಿಯಾಗುತ್ತದೆ. ಅದರಿಂದ ಬರುವ ಆಮ್ಲವನ್ನು ಲಿಥಿಯಂ ಹೈಡ್ರಾಕ್ಸೈಡ್ ಜೊತೆ ಬೇಯಿಸಿದರೆ ಸೋಪಿನ ಅತಿ ಸಣ್ಣ ಎಳೆಗಳಾಗುತ್ತವೆ. ಆ ಜೋಡಿಯ ದೆಸೆಯಿಂದ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಸಿಕ್ಕುಗಟ್ಟಿದ ತಲೆಗೂದಲಿನಲ್ಲಿ ಎಣ್ಣೆ ನಿಂತ ಹಾಗೆ ನಡುವೆ ಎಣ್ಣೆ ನಿಲ್ಲುತ್ತದೆ; ಉಜ್ಜಿದಾಗ ಬೇಕಷ್ಟೇ ಜಿನುಗುತ್ತದೆ. 180 ಡಿಗ್ರಿ ದಾಟುವವರೆಗೂ ಅದು ಕರಗಿ ತೊಟ್ಟಿಕ್ಕುವುದಿಲ್ಲ.

ನಮ್ಮ ರೈತರು ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ, ಕೀಲೆಣ್ಣೆ ಮಾಡಿ, ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ನೇತುಹಾಕಿಕೊಂಡು ಹೋಗುತ್ತಿದ್ದರು. ಅವರಿಗೆ ಹನ್ನೆರಡನೇ ಇಂಗಾಲದ ಸುದ್ದಿ ಗೊತ್ತಿರಲಿಲ್ಲ, ಈ ಎಣ್ಣೆ ಅಚ್ಚು ಬಿಟ್ಟು ಹೋಗುವುದಿಲ್ಲ ಎಂಬುದು ಗೊತ್ತಿತ್ತು. ಹಾಗೆಂದು ಲಿಥಿಯಂ ಗ್ರೀಸನ್ನು ನಾವೇ ಕಂಡುಹಿಡಿದೆವು ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಜಗತ್ತಿನ ಹರಳಿನಲ್ಲಿ ಬಹುಪಾಲು ಬೆಳೆಯುವುದು ಭಾರತದಲ್ಲಿ, ಅದರಲ್ಲೂ ಹೆಚ್ಚಾಗಿ ಗುಜರಾತಿನಲ್ಲಿ, ಎಂಬುದು ಮಾತ್ರ ನಿಜ.

ಈಗ ಹಿಡಿಗೆ ಬರೋಣ. ಮೊದಲು ಗಾಜು ಏರಿಸುವ ಹ್ಯಾಂಡಲ್ ಕಳಚಿ, ಡೋರ್ ಪ್ಯಾಡ್ ತೆಗೆದು, ಒಳಗಿನಿಂದ ಹಿಡಿಯನ್ನು ಬಿಚ್ಚಿಕೊಳ್ಳಬೇಕು. ಮೇಲೆ ಹೊಳೆಯುವುದು ಕ್ರೋಮ್. ಅನೇಕ ಹಳೆ ಹಿಡಿಗಳಲ್ಲಿ ಅದರಡಿಯ ಎರಕ ಸತುವಿನ ಮಿಶ್ರಲೋಹದ್ದು. ಬಟನ್ ಆಡುವ ತೂತಿನ ಒಳಗೋಡೆಗೆ ಬೆರಳಾಡಿಸಿದರೆ ಬಿಳಿ ಪುಡಿ ಹತ್ತುತ್ತದೆ. ಅದು ಸತುವಿನ ತುಕ್ಕು. ಲೋಹಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ, ಬಟನ್ ಬಿಗಿಯುವುದು ಅದಕ್ಕೇ. ಸ್ಪ್ರಿಂಗಿನ ಸುತ್ತ ಹಳೆ ಎಣ್ಣೆ, ಧೂಳು ಕಲಸಿ ಕಪ್ಪು ಅಂಟಾಗಿರುತ್ತದೆ. ಸ್ಪ್ರೇ ಹೊಡೆಯಬೇಕಾದ್ದು ಇಲ್ಲಿ, ಕಾರಿನ ಹೊರಗೆ ನಿಂತಲ್ಲ. ನೆನೆಯಲು ಬಿಟ್ಟು, ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಬೇಕು. ಸ್ಪ್ರಿಂಗ್ ಸೋತಿದ್ದರೆ ಬದಲಾಯಿಸುವುದೇ ಮೇಲು. ಆಮೇಲೆ ಬೆಂಕಿಕಡ್ಡಿಯ ತುದಿಯಲ್ಲಿ ಬರುವಷ್ಟು ಗ್ರೀಸು. ಬಿಡಿಭಾಗದ ಅಂಗಡಿಯಲ್ಲಿ ಎಪಿ-3 ಎಂದು ಕೇಳಿದರೆ ಕೊಡುವುದು ಲಿಥಿಯಂ ಗ್ರೀಸೇ. ಹೆಚ್ಚು ಮೆತ್ತಿದರೆ ಧೂಳು ಕರೆಯುತ್ತದೆ. ಕೀಲಿಕೈ ಹೋಗುವ ತೂತಿಗೆ ಮಾತ್ರ ಗ್ರೀಸು ಬೇಡ, ಅಲ್ಲಿಗೆ ಗ್ರಾಫೈಟ್ ಪುಡಿ.

ಹಿಡಿಗೂ ಬಾಡಿಗೂ ನಡುವಿನ ರಬ್ಬರ್ ಒಣಗಿ ಸೀಳಿದ್ದರೆ ಹೊಸದು ಹಾಕಿ. ನೀರು ನುಗ್ಗುವ ದಾರಿ ಅದು. ಬಟನ್ನಿನ ಹಿಂದಿನ ತಳ್ಳುಬೋಲ್ಟನ್ನು ತಿರುಗಿಸಿ ಹೊಂದಿಸಲು ಬಂದರೆ, ಬಟನ್ ಸುಮಾರು ಒಂದು ಮಿಲಿಮೀಟರ್ ಒಳಗೆ ಹೋದ ಮೇಲಷ್ಟೇ ಲಾಕಿಗೆ ತಾಗುವಂತಿರಲಿ. ಡೋರ್ ಪ್ಯಾಡ್ ಕೂರಿಸುವ ಮೊದಲು ಒಮ್ಮೆ ಬಾಗಿಲು ಹಾಕಿ ತೆಗೆದು ನೋಡಿ, ಗಾಜು ಕೆಳಗಿಳಿಸಿಕೊಂಡೇ. ಹಿಡಿ ಕೈಕೊಟ್ಟರೂ ಆಗ ಕೈ ಒಳಗೆ ಹಾಕಿ ತೆಗೆಯಬಹುದು.